ಒಂದೇ ವಾಹನದಲ್ಲಿ ಇಡೀ ಕುಟುಂಬ: ಪಯಣದ ಕಾದಂಬರಿಗಳನ್ನು ಹೇಗೆ ಓದಬೇಕು?

ಪುಟದಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ವಸ್ತುವನ್ನು ಆರಿಸಿಕೊಂಡು ಅದರ ಸುತ್ತ ಬಂದಿರುವ ಕೆಲವು ಕಾದಂಬರಿಗಳನ್ನು ಒಟ್ಟಾಗಿ ಓದಿ ಚರ್ಚಿಸುವ ಚಿಕ್ಕ ಬಳಗ ನಮ್ಮದು. ಈ ಸಲ, ಕುಟುಂಬವೊಂದು ಮನೆ ಬಿಟ್ಟು ದೂರದ ದಾರಿ ಹಿಡಿಯುವ ಕಾದಂಬರಿಗಳನ್ನು ಓದುವುದೆಂದು ತೀರ್ಮಾನವಾಗಿದ್ದು, ಪಟ್ಟಿ ಮಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಆದರೆ ಈ ಬಗೆಯ ಜನಪ್ರಿಯ ಪುಸ್ತಕಗಳನ್ನು ಓದುತ್ತ ಹೋದಂತೆ ನನಗೆ ಒಂದು ಅಸಮಾಧಾನ ಹುಟ್ಟಿಕೊಂಡಿದೆ. ಮುಖ ಕೊಟ್ಟು ಮಾತನಾಡದಷ್ಟು ಮುನಿಸಿಕೊಂಡಿರುವ ಅಣ್ಣತಮ್ಮಂದಿರೋ ಅಪ್ಪಮಗಳೋ ಯಾವುದೋ ಅನಿವಾರ್ಯಕ್ಕೆ ಒಂದೇ ಕಾರು ಹತ್ತುತ್ತಾರೆ. ಆ ಅನಿವಾರ್ಯ ಸಾಮಾನ್ಯವಾಗಿ ಯಾರದೋ ಕೊನೆಯಾಸೆಯಾಗಿರುತ್ತದೆ. ನಡುದಾರಿಯಲ್ಲಿ ಕಾರು ಕೆಟ್ಟು ನಿಲ್ಲುತ್ತದೆ. ಅಪರಿಚಿತರೊಬ್ಬರು ನೆರವಿನ ಜೊತೆಗೆ ಒಂದಿಷ್ಟು ವಿವೇಕವನ್ನೂ ಕೊಟ್ಟು ಹೋಗುತ್ತಾರೆ. ಒಂದು ರಾತ್ರಿ ಹಳೆಯ ಗುಟ್ಟು ಬಯಲಾಗುತ್ತದೆ. ಗುರಿ ಮುಟ್ಟುವ ಹೊತ್ತಿಗೆ ಎಲ್ಲರೂ ಎಲ್ಲರನ್ನೂ ಕ್ಷಮಿಸಿರುತ್ತಾರೆ. ಮನಸ್ಸು ಬದಲಾಗಲು ಬೇಕಾದ ಕಾರಣಗಳನ್ನು ಲೇಖಕರು ಕಟ್ಟಿಕೊಡುವ ಬದಲು, ಇಷ್ಟು ದೂರ ಒಟ್ಟಿಗೆ ಬಂದರಲ್ಲ, ಅಷ್ಟೇ ಸಾಕು ಎಂದು ಕೈತೊಳೆದುಕೊಳ್ಳುತ್ತಾರೇನೋ ಎಂಬ ಅನುಮಾನ ನನ್ನದು.

ಹಾಗಾಗಿ ನನ್ನ ಮೊದಲ ಪ್ರಶ್ನೆ: ಮನೆಯೊಳಗೇ ನಡೆಯುವ ಕೌಟುಂಬಿಕ ಕಾದಂಬರಿಗೆ ಸಾಧ್ಯವಾಗದ ಯಾವುದನ್ನು ದಾರಿ ಸಾಧ್ಯವಾಗಿಸುತ್ತದೆ? ಎರಡನೆಯದು ಸ್ವಲ್ಪ ವ್ಯಾವಹಾರಿಕವಾದದ್ದು. ನಮ್ಮ ಬಳಗದಲ್ಲಿ ಹದಿಹರೆಯದವರೂ ಇದ್ದಾರೆ, ನಿವೃತ್ತರಾದವರೂ ಇದ್ದಾರೆ. ಎಲ್ಲರೂ ಓದಬಹುದಾದ ಪುಸ್ತಕ ಯಾವುದು, ಮತ್ತು ಇಂಥ ಕಾದಂಬರಿಗಳ ನಡುಭಾಗ ಜಗ್ಗಾಡತೊಡಗಿದಾಗ ಏನನ್ನು ಹಿಡಿದುಕೊಂಡು ಓದಬೇಕು?

ಮೈಲಿಗಲ್ಲು

ನೀವು ವಿವರಿಸಿದ ಅಚ್ಚು ಇರುವುದು ನಿಜ. ಅದರಿಂದ ಬೇಸತ್ತವರಿಗೆ ಜಾನ್ ಸ್ಟೀನ್‌ಬೆಕ್ ಅವರ 'ದಿ ಗ್ರೇಪ್ಸ್ ಆಫ್ ರಾತ್' ಓದಿ ಎಂದು ನಾನು ಹೇಳುತ್ತೇನೆ. 1939ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಜಮೀನು ಕಳೆದುಕೊಂಡ ಜೋಡ್ ಕುಟುಂಬ ಒಕ್ಲಹೋಮಾದಿಂದ 66ನೇ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತದೆ. ನಿಮ್ಮ ಅಚ್ಚಿಗೆ ಇದು ನೇರ ವಿರುದ್ಧ ದಿಕ್ಕಿನಲ್ಲಿ ಚಲಿಸುತ್ತದೆ. ಮುರಿದ ಕುಟುಂಬ ದಾರಿಯಲ್ಲಿ ಒಂದಾಗುವುದಿಲ್ಲ. ಒಂದಾಗಿಯೇ ಹೊರಟ ಕುಟುಂಬ ದಾರಿಯುದ್ದಕ್ಕೂ ಒಬ್ಬೊಬ್ಬರನ್ನಾಗಿ ಕಳೆದುಕೊಳ್ಳುತ್ತದೆ. ಮೊದಲ ದಿನಗಳಲ್ಲೇ ಅಜ್ಜ ತೀರಿಕೊಳ್ಳುತ್ತಾನೆ, ಮರುಭೂಮಿ ದಾಟುವಾಗ ಅಜ್ಜಿ. ಹಿರಿಯ ಮಗ ನೋವಾ ಕೊಲೊರಾಡೊ ನದಿಯ ದಂಡೆ ಹಿಡಿದು ತನ್ನ ಪಾಡಿಗೆ ತಾನು ಹೊರಟುಹೋಗುತ್ತಾನೆ. ಬಸುರಿ ಹೆಂಡತಿಯನ್ನು ಬಿಟ್ಟು ಅಳಿಯ ಕಾಣೆಯಾಗುತ್ತಾನೆ. ಹೀಗಿದ್ದರೂ ಕುಟುಂಬದ ಬಾಂಧವ್ಯವನ್ನು ಇಷ್ಟು ಗಾಢವಾಗಿ ಬರೆದ ಪಯಣದ ಕಾದಂಬರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಮೊದಲ ಪ್ರಶ್ನೆಗೆ ಇದರ ಹತ್ತನೆಯ ಅಧ್ಯಾಯವೇ ಉತ್ತರವಾಗಬಲ್ಲದು. ಹೊರಡುವ ಮುನ್ನ ಇಡೀ ಮನೆಯವರು ಸಂಜೆ ಹೊತ್ತು ಸಭೆ ಸೇರುತ್ತಾರೆ, ಆದರೆ ಮನೆಯೊಳಗಲ್ಲ, ಹಳೆಯ ಹಡ್ಸನ್ ಕಾರನ್ನು ಕತ್ತರಿಸಿ ಮಾಡಿಕೊಂಡ ಟ್ರಕ್ಕಿನ ಸುತ್ತ. ಮನೆ ಆಗಲೇ ಸತ್ತುಹೋಗಿದೆ, ಇನ್ನು ಮುಂದೆ ಕುಟುಂಬದ ಒಲೆ ಈ ಟ್ರಕ್ಕೇ ಎಂಬುದನ್ನು ಲೇಖಕರು ಅಲ್ಲಿ ಸ್ಪಷ್ಟವಾಗಿಯೇ ಹೇಳುತ್ತಾರೆ. ಹಿರಿಯನಾದ್ದರಿಂದ ಮೊದಲ ಮಾತು ಅಜ್ಜನದು, ಆದರೆ ಆ ಅಧಿಕಾರ ಈಗ ಬರೀ ಗೌರವಕ್ಕೆ ಉಳಿದದ್ದು. ವಾಹನದ ರಿಪೇರಿ ಬಲ್ಲವನೆಂಬ ಕಾರಣಕ್ಕೆ ಹರೆಯದ ಮಗ ಅಲ್‌ನ ಮಾತಿಗೆ ಇದ್ದಕ್ಕಿದ್ದಂತೆ ತೂಕ ಬಂದಿದೆ. ಹೆಂಗಸರು ಹಿಂದೆ ನಿಂತಿದ್ದಾರೆ. ಆಗ ಪಾದ್ರಿತನ ಬಿಟ್ಟ ಕೇಸಿಯನ್ನು ಜೊತೆಗೆ ಕರೆದೊಯ್ಯಬಹುದೇ, ಇನ್ನೊಂದು ಹೊಟ್ಟೆ ತುಂಬಿಸಲು ನಮ್ಮಿಂದ ಆಗುತ್ತದೆಯೇ ಎಂಬ ಪ್ರಶ್ನೆ ಬರುತ್ತದೆ. ಆಗುತ್ತದೆಯೇ ಎನ್ನುವುದಲ್ಲ, ಮಾಡುವ ಮನಸ್ಸಿದೆಯೇ ಎನ್ನುವುದು ಪ್ರಶ್ನೆ ಎಂದು ತಾಯಿ ತಿರುಗಿಸಿ ಹೇಳಿದಾಗ ತೀರ್ಮಾನ ಅವಳದಾಗಿಬಿಡುತ್ತದೆ. ಕೇಸಿ ಸೇರಿ ಹದಿಮೂರು ಮಂದಿ ಹೊರಡುತ್ತಾರೆ. ಮನೆಯಲ್ಲಿ ಇದ್ದಿದ್ದರೆ ಈ ಅಧಿಕಾರ ಕೈಬದಲಾಗಲು ಹತ್ತಾರು ವರ್ಷ ಹಿಡಿಯುತ್ತಿತ್ತು, ಅದೂ ಯಾರ ಕಣ್ಣಿಗೂ ಬೀಳದೆ. ದಾರಿಯ ಮೇಲೆ ಎಲ್ಲಿ ನಿಲ್ಲಬೇಕು, ಯಾರು ಓಡಿಸಬೇಕು, ಯಾವುದಕ್ಕೆ ದುಡ್ಡು ಬಿಚ್ಚಬೇಕು, ಯಾರನ್ನು ಹತ್ತಿಸಿಕೊಳ್ಳಬೇಕು ಎಂಬುದನ್ನು ದಿನವೂ ಎಲ್ಲರೆದುರೇ ನಿರ್ಧರಿಸಬೇಕಾಗುತ್ತದೆ. ಮನೆಯಲ್ಲಿ ಅಭ್ಯಾಸವಾಗಿ ಅಡಗಿದ್ದದ್ದು ಇಲ್ಲಿ ನಿರ್ಧಾರವಾಗಿ ಹೊರಬರುತ್ತದೆ. ದಾರಿಯಿಂದ ಕಾದಂಬರಿಗೆ ದಕ್ಕುವುದು ಇದು. ಕ್ಷಮೆ, ಆಲಿಂಗನಗಳೆಲ್ಲ ಆಮೇಲಿನ ಮಾತು.

ಈ ದೃಷ್ಟಿಯಿಂದ ಓದಿದರೆ ಕಾರು ಕೆಟ್ಟು ನಿಲ್ಲುವ ಪ್ರಸಂಗವೂ ಬೇರೆಯಾಗಿಯೇ ಕಾಣುತ್ತದೆ. ಹದಿನಾರನೆಯ ಅಧ್ಯಾಯದಲ್ಲಿ ಜೊತೆಗೆ ಬರುತ್ತಿದ್ದ ವಿಲ್ಸನ್ ದಂಪತಿಯ ಕಾರಿನ ಬೇರಿಂಗ್ ಹೋಗುತ್ತದೆ. ತಾನೂ ಕೇಸಿಯೂ ಇಲ್ಲೇ ಉಳಿದು ರಿಪೇರಿ ಮಾಡುತ್ತೇವೆ, ಉಳಿದವರು ಟ್ರಕ್ಕಿನಲ್ಲಿ ಮುಂದೆ ಹೋಗಲಿ ಎಂದು ಮಗ ಟಾಮ್ ಸೂಚಿಸುತ್ತಾನೆ. ಲೆಕ್ಕಾಚಾರದಿಂದ ನೋಡಿದರೆ ಅದು ಸರಿಯಾದ ಸಲಹೆಯೇ. ಆದರೆ ತಾಯಿ ಜ್ಯಾಕಿನ ಹಿಡಿಯನ್ನು ಕೈಗೆತ್ತಿಕೊಂಡು, ಕುಟುಂಬ ಒಡೆಯುವುದಾದರೆ ತಾನು ಹೋಗುವುದಿಲ್ಲವೆಂದು ಗಂಡನೆದುರೇ ನಿಂತುಬಿಡುತ್ತಾಳೆ, ಮತ್ತು ಗೆಲ್ಲುತ್ತಾಳೆ. ವಾಹನ ಕೆಟ್ಟದ್ದು ಇಲ್ಲಿ ಅಪರಿಚಿತರ ಉಪದೇಶಕ್ಕೆ ನೆಪವಾಗುವುದಿಲ್ಲ, ಮನೆಯ ಯಜಮಾನಿಕೆ ಯಾರದೆಂಬುದು ಬಹಿರಂಗವಾಗಿ ಇತ್ಯರ್ಥವಾಗುವ ಗಳಿಗೆಯಾಗುತ್ತದೆ. ಯಾವುದೇ ಪಯಣದ ಕಾದಂಬರಿಯಲ್ಲಿ ವಾಹನ ನಿಂತಾಗ ನಾನು ಇದೊಂದನ್ನೇ ಕೇಳಿಕೊಳ್ಳುತ್ತೇನೆ: ಅದು ಮತ್ತೆ ಹೊರಟಾಗ ಒಳಗಿರುವವರ ಸಂಬಂಧದಲ್ಲಿ ಏನಾದರೂ ಕದಲಿದೆಯೇ? ಕದಲಿಲ್ಲವೆಂದಾದರೆ ಲೇಖಕರು ಪುಟ ತುಂಬಿಸುತ್ತಿದ್ದಾರೆ.

ಇನ್ನೊಂದು ವಿಷಯ. ಮೂವತ್ತು ಅಧ್ಯಾಯಗಳ ಈ ಕಾದಂಬರಿಯಲ್ಲಿ ಜೋಡ್ ಕುಟುಂಬ ಹದಿನೆಂಟನೆಯ ಅಧ್ಯಾಯದಲ್ಲೇ ಕ್ಯಾಲಿಫೋರ್ನಿಯಾ ಮುಟ್ಟುತ್ತದೆ. ಗುರಿ ಮುಟ್ಟಿದ ಮೇಲೆ ಬದುಕು ಹೇಗೆ ಮುಂದುವರಿಯಿತು ಎಂಬುದಕ್ಕೆ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಜಾಗ ಕೊಡುವ ಧೈರ್ಯ ನೀವು ಹೇಳಿದ ಅಚ್ಚಿನ ಪುಸ್ತಕಗಳಿಗೆ ಇರುವುದಿಲ್ಲ.

ಹಿಂದಿನ ಸೀಟು

ಮೈಲಿಗಲ್ಲು ಅವರ ಮಾತನ್ನು ಒಪ್ಪುತ್ತಲೇ ಅದಕ್ಕೆ ಇನ್ನೊಂದು ಮಗ್ಗುಲನ್ನು ಸೇರಿಸಬಯಸುತ್ತೇನೆ. ಯಾರು ನಿರ್ಧರಿಸುತ್ತಾರೆ ಎಂಬಷ್ಟೇ ಮುಖ್ಯವಾದದ್ದು ಯಾರು ಹೇಳುತ್ತಿದ್ದಾರೆ ಎಂಬ ಪ್ರಶ್ನೆ. ಒಂದೇ ಗಾಡಿಯಲ್ಲಿ, ಒಂದೇ ದಾರಿಯಲ್ಲಿ, ಒಂದೇ ಮಳೆಯಲ್ಲಿ ನೆನೆಯುತ್ತ ಹೋದವರು ಒಂದೇ ಪಯಣವನ್ನು ಮಾಡಿರುವುದಿಲ್ಲ. ವಿಲಿಯಂ ಫಾಕ್ನರ್ ಅವರ 'ಆ್ಯಸ್ ಐ ಲೇ ಡೈಯಿಂಗ್' (1930) ಈ ಸಂಗತಿಯನ್ನೇ ತನ್ನ ರಚನೆಯಾಗಿ ಮಾಡಿಕೊಂಡಿದೆ. ಸತ್ತ ತಾಯಿ ಆ್ಯಡಿಯನ್ನು ಅವಳ ತವರಿನವರ ನಡುವೆ ಮಣ್ಣು ಮಾಡಬೇಕೆಂದು ಬಂಡ್ರೆನ್ ಕುಟುಂಬ ಹೇಸರಗತ್ತೆಗಳ ಗಾಡಿಯಲ್ಲಿ ಶವಪೆಟ್ಟಿಗೆ ಇಟ್ಟುಕೊಂಡು ಹೊರಡುತ್ತದೆ. ಹೊಳೆ ಉಕ್ಕಿ ಸೇತುವೆಗಳು ಕೊಚ್ಚಿಹೋಗಿರುವುದರಿಂದ ದಾರಿ ಬೆಳೆಯುತ್ತ ಹೋಗುತ್ತದೆ. ಈ ಕಥೆಯನ್ನು ಹದಿನೈದು ಮಂದಿ ಐವತ್ತೊಂಬತ್ತು ಭಾಗಗಳಲ್ಲಿ ಹೇಳುತ್ತಾರೆ. ಒಬ್ಬ ಹುಡುಗನ ಪಾಲಿಗೆ ಬರುವ ಒಂದು ಭಾಗವಂತೂ ಒಂದೇ ಪುಟ್ಟ ವಾಕ್ಯದಲ್ಲಿ ಮುಗಿದುಹೋಗುತ್ತದೆ. ತೀರಿಕೊಂಡ ತಾಯಿಯೂ ಒಂದು ಭಾಗದಲ್ಲಿ ಮಾತನಾಡುತ್ತಾಳೆ, ಮತ್ತು ಅವಳ ಮಾತು ಕೇಳಿದ ಮೇಲೆ ಈ ಕೊನೆಯಾಸೆಯನ್ನು ಭಕ್ತಿಯಿಂದ ನೋಡಲು ಓದುಗನಿಗೆ ಸಾಧ್ಯವಾಗುವುದಿಲ್ಲ.

ಪುಟದಂಚು ಅವರು ಕೊನೆಯಾಸೆಯ ನೆಪದ ಬಗ್ಗೆ ಬೇಸರಪಟ್ಟದ್ದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಬಂಡ್ರೆನ್ ಕುಟುಂಬದಲ್ಲಿ ಕೊನೆಯಾಸೆ ಎಲ್ಲರೂ ಹೊರಗೆ ಹೇಳಿಕೊಳ್ಳುವ ಕಾರಣ ಮಾತ್ರ. ಅಪ್ಪ ಆ್ಯನ್ಸ್‌ಗೆ ಪಟ್ಟಣದಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಬೇಕಾಗಿದೆ. ಮಗಳು ಡ್ಯೂಯಿ ಡೆಲ್‌ಗೆ ಮನೆಯಲ್ಲಿ ಯಾರಿಗೂ ಹೇಳಲಾಗದ ಬಸಿರಿನ ಚಿಂತೆ. ಚಿಕ್ಕ ಹುಡುಗನ ಕಣ್ಣು ಅಂಗಡಿಯಲ್ಲಿ ಕಂಡ ಆಟದ ರೈಲಿನ ಮೇಲೆ. ತಾಯಿಯ ಮೇಲೆ ಇವರಿಗೆ ಪ್ರೀತಿಯಿಲ್ಲವೆಂದು ಇದರರ್ಥವಲ್ಲ. ಪ್ರೀತಿಯೂ ಸ್ವಾರ್ಥವೂ ಒಂದೇ ಗಾಡಿಯಲ್ಲಿ ಕುಳಿತಿವೆ, ಯಾವುದು ಯಾವುದೆಂದು ಬೇರ್ಪಡಿಸುವ ಗೋಜಿಗೆ ಲೇಖಕರು ಹೋಗುವುದಿಲ್ಲ. ಮಗ ಜ್ಯುವೆಲ್ ರಾತ್ರಿಯೆಲ್ಲ ದುಡಿದು ಗಳಿಸಿದ ಕುದುರೆಯನ್ನು ಹೊಸ ಹೇಸರಗತ್ತೆಗಳಿಗಾಗಿ ಅಪ್ಪ ಅವನನ್ನು ಒಂದು ಮಾತೂ ಕೇಳದೆ ವ್ಯಾಪಾರಕ್ಕಿಡುತ್ತಾನೆ. ತಂದೆತನದ ಹೆಸರಿನಲ್ಲಿ ಏನೇನು ನಡೆಯಬಹುದು ಎಂಬುದಕ್ಕೆ ಆ ಒಂದು ಪ್ರಸಂಗ ಸಾಕು. ಮೊದಲ ಓದಿಗೆ ಈ ಪುಸ್ತಕ ಕಷ್ಟವೇ. ಭಾಗದ ತಲೆಯ ಮೇಲೆ ಯಾರ ಹೆಸರಿದೆ ಎಂಬುದನ್ನು ನೋಡಿಕೊಂಡು, ಅರ್ಥವಾಗದ್ದನ್ನು ಅಲ್ಲೇ ಬಿಟ್ಟು ಮುಂದೆ ಹೋದರೆ ಹಿಂದಿನದು ತಾನಾಗಿ ತಿಳಿಯಾಗುತ್ತದೆ.

ಇತ್ತೀಚಿನದೊಂದು ಬೇಕೆಂದರೆ ವಲೇರಿಯಾ ಲುಯಿಸೆಲ್ಲಿ ಅವರ 'ಲಾಸ್ಟ್ ಚಿಲ್ಡ್ರನ್ ಆರ್ಕೈವ್' (2019) ಇದೆ. ಗಂಡ, ಹೆಂಡತಿ, ಗಂಡನ ಮೊದಲ ಸಂಬಂಧದ ಮಗ, ಹೆಂಡತಿಯ ಮೊದಲ ಸಂಬಂಧದ ಮಗಳು, ಹೀಗೆ ನಾಲ್ವರು ನ್ಯೂಯಾರ್ಕ್‌ನಿಂದ ಅರಿಜೋನಾದ ಕಡೆಗೆ ಕಾರಿನಲ್ಲಿ ಹೊರಡುತ್ತಾರೆ. ಅವರಿಗೆ ಹೆಸರುಗಳೇ ಇಲ್ಲ. ಕಾರಿನ ಹಿಂಭಾಗದಲ್ಲಿ ಏಳು ಪೆಟ್ಟಿಗೆಗಳಿದ್ದು, ನಾಲ್ಕು ಗಂಡನವು, ಒಂದು ಹೆಂಡತಿಯದು, ಮಕ್ಕಳದು ಒಂದೊಂದು. ಆ ಹಂಚಿಕೆಯೇ ಈ ದಾಂಪತ್ಯದ ಬಗ್ಗೆ ಬಹಳಷ್ಟನ್ನು ಹೇಳಿಬಿಡುತ್ತದೆ. ಅರ್ಧಕ್ಕೂ ಹೆಚ್ಚು ದೂರ ತಾಯಿಯೇ ಕಥೆ ಹೇಳುತ್ತಾಳೆ. ಆಮೇಲೆ ಹತ್ತು ವರ್ಷದ ಹುಡುಗ ನಿರೂಪಣೆಯನ್ನು ಕೈಗೆತ್ತಿಕೊಂಡಾಗ, ಮಕ್ಕಳಿಗೆ ತಿಳಿಯದೆಂದು ದೊಡ್ಡವರು ಮುಂದಿನ ಸೀಟಿನಲ್ಲಿ ಆಡಿದ್ದ ಮಾತುಗಳನ್ನೆಲ್ಲ ಅವನು ಹಿಂದಿನ ಸೀಟಿನಲ್ಲಿ ಕೇಳಿಸಿಕೊಂಡಿದ್ದಾನೆ ಎಂಬುದು ಗೊತ್ತಾಗುತ್ತದೆ. ಅವನು ಹೇಳುತ್ತಿರುವುದು ಓದುಗರಿಗಲ್ಲ, ಐದು ವರ್ಷದ ತಂಗಿಗೆ. ಮುಂದೆ ತಾವಿಬ್ಬರೂ ಬೇರೆಯಾದರೆ ಇದೆಲ್ಲ ಅವಳಿಗೆ ನೆನಪಿರಲಿಕ್ಕಿಲ್ಲ ಎಂಬುದು ಅವನ ಆತಂಕ. ಅಪ್ಪ ಅಮ್ಮ ಬೇರೆಯಾದರೆ ಅಣ್ಣ ತಂಗಿಯರ ನಂಟಿಗೆ ರಕ್ತದ ಆಧಾರವೂ ಇಲ್ಲ, ಒಟ್ಟಿಗೆ ಸಾಗಿದ ದಾರಿಯ ನೆನಪೊಂದೇ ಆಧಾರ. ಮನೆಯೊಳಗಿನ ಕಾದಂಬರಿಗೆ ಇದನ್ನು ಇಷ್ಟು ನಿಚ್ಚಳವಾಗಿ ತೋರಿಸುವುದು ಕಷ್ಟವಾಗುತ್ತಿತ್ತು.

ಹಳೆಯ ನಕ್ಷೆ

ಮೇಲಿನ ಇಬ್ಬರ ಮಾತುಗಳೂ ತೂಕದವೇ. ಆದರೂ ಒಂದು ತಕರಾರನ್ನು ದಾಖಲಿಸುತ್ತೇನೆ. ಕುಟುಂಬದ ಬಾಂಧವ್ಯದಲ್ಲಿ ಮುಕ್ಕಾಲು ಪಾಲು ಪುನರಾವರ್ತನೆಯಿಂದ ಕೂಡಿದ್ದು: ದಿನವೂ ಅದೇ ಕಾಯಿಲೆಯವರ ಶುಶ್ರೂಷೆ, ಅದೇ ಸಾಲದ ಕಂತು, ಅದೇ ಸಿಡುಕು. ಪಯಣದ ಕಾದಂಬರಿ ಇವನ್ನೆಲ್ಲ ಹಿಂದೆ ಬಿಟ್ಟು, ಕೆಲವೇ ದಿನಗಳ ಅಸಾಧಾರಣ ಸನ್ನಿವೇಶದಲ್ಲಿ ಮನುಷ್ಯರನ್ನು ಪರೀಕ್ಷೆಗೊಡ್ಡುತ್ತದೆ. ಪ್ರವಾಹದಲ್ಲಿ ಶವಪೆಟ್ಟಿಗೆಯನ್ನು ಕಾಪಾಡಿದವನು ಮನೆಯಲ್ಲಿ ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಾನೆಂದು ಹೇಳಲಾಗದು. ಜೊತೆಗೆ, ವಾಹನದಲ್ಲಿ ಜಾಗ ಸಿಗದೆ ಮನೆಯಲ್ಲೇ ಉಳಿದವರು ಕಥೆಯಿಂದಲೇ ಹೊರಬೀಳುತ್ತಾರೆ. ಹೊರಟವರಿಗೆ ಅನುಭವ, ಉಳಿದವರಿಗೆ ಕೆಲಸ ಎಂಬ ಈ ಹಂಚಿಕೆಯನ್ನು ಪ್ರಶ್ನಿಸುವ ಪಯಣದ ಕಾದಂಬರಿಗಳು ವಿರಳ.

ನನ್ನ ತಕರಾರಿಗೆ ತಕ್ಕಮಟ್ಟಿಗೆ ಉತ್ತರ ಕೊಟ್ಟಿರುವುದು ಕಾರ್ಮಾಕ್ ಮೆಕಾರ್ಥಿ ಅವರ 'ದಿ ರೋಡ್' (2006). ಜಗತ್ತೇ ಸುಟ್ಟು ಬೂದಿಯಾದ ಮೇಲೆ ಹೆಸರಿಲ್ಲದ ಅಪ್ಪ ಮಗ ಸಾಮಾನಿನ ತಳ್ಳುಗಾಡಿಯೊಂದನ್ನು ತಳ್ಳುತ್ತ ಸಮುದ್ರದ ಕಡೆಗೆ ನಡೆಯುತ್ತಾರೆ. ಅವರಿಗೆ ಹಿಂದಿರುಗಲು ಮನೆಯಿಲ್ಲ, ಆದ್ದರಿಂದ ದಾರಿ ಬಿಡುವಿನ ಕಾಲವಲ್ಲ, ಅದೇ ಅವರ ದಿನನಿತ್ಯ. ಒಣಗಿದ ಜಾಗ ಹುಡುಕುವುದು, ತಿನ್ನಲು ಹುಡುಕುವುದು, ಮಗನಿಗೆ ಹೊದಿಸುವುದು ಎಂಬ ಕೆಲಸಗಳು ಮತ್ತೆ ಮತ್ತೆ ಬರುತ್ತವೆ, ಆ ಪುನರಾವರ್ತನೆಯಲ್ಲೇ ತಂದೆತನ ಕಾಣುತ್ತದೆ. ಅಪ್ಪನಿಗೆ ಮಗ ಬದುಕಬೇಕು, ಅಷ್ಟೇ. ಮಗನಿಗೆ ದಾರಿಯಲ್ಲಿ ಕಂಡ ಮುದುಕನಿಗೂ ಊಟ ಕೊಡಬೇಕು. ಮೈಲಿಗಲ್ಲು ಅವರು ಹೇಳಿದ ಆ ಇನ್ನೊಂದು ಹೊಟ್ಟೆಯ ಪ್ರಶ್ನೆ ಇಲ್ಲಿಯೂ ಬರುತ್ತದೆ, ಆದರೆ ಕೇಳುತ್ತಿರುವವನು ಮಗು.

ಪುಟದಂಚು

ಮೂವರಿಗೂ ಕೃತಜ್ಞತೆಗಳು. ಹಳೆಯ ನಕ್ಷೆ ಅವರ ತಕರಾರನ್ನು ನಮ್ಮ ಚರ್ಚೆಯ ಪ್ರಶ್ನೆಯಾಗಿ ಎತ್ತಿಕೊಳ್ಳಲು ಅನುಮತಿ ಕೋರುತ್ತೇನೆ. ಆದರೆ ಇಲ್ಲಿಯವರೆಗೆ ಬಂದ ಹೆಸರುಗಳಲ್ಲಿ ಹದಿಹರೆಯದವರ ಕೈಗೆ ಮೊದಲಿಗೇ ಕೊಡಬಹುದಾದದ್ದು ನನಗೆ ಕಾಣುತ್ತಿಲ್ಲ; 'ದಿ ರೋಡ್' ಕಾದಂಬರಿಯ ಕೆಲವು ದೃಶ್ಯಗಳು ದೊಡ್ಡವರ ನಿದ್ದೆಯನ್ನೂ ಕೆಡಿಸುವಂಥವು. ನಡುಭಾಗದ ಜಗ್ಗಾಟದ ಬಗ್ಗೆಯೂ ಯಾರಾದರೂ ಇನ್ನಷ್ಟು ಹೇಳಿದರೆ ಉಪಕಾರವಾಗುತ್ತದೆ.

ಅರ್ಧವಿರಾಮ

ಹದಿಹರೆಯದವರಿಗೆ ಶಾರನ್ ಕ್ರೀಚ್ ಅವರ 'ವಾಕ್ ಟೂ ಮೂನ್ಸ್' ಕೊಡಿ. 1994ರಲ್ಲಿ ಬಂದ ಈ ಪುಸ್ತಕಕ್ಕೆ ಮರುವರ್ಷ, ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಪದಕ ದೊರೆಯಿತು. ಮಕ್ಕಳ ಸಾಹಿತ್ಯವೆಂಬ ಹಣೆಪಟ್ಟಿ ನೋಡಿ ನಿಮ್ಮ ಬಳಗದ ಹಿರಿಯರು ಮುಖ ತಿರುಗಿಸದಿರಲಿ. ಇದರಲ್ಲಿ ಅವರಿಗೂ ದಕ್ಕುವಂಥದ್ದು ಸಾಕಷ್ಟಿದೆ. ಹದಿಮೂರು ವರ್ಷದ ಸಾಲಮಂಕಾ ಅಜ್ಜ ಅಜ್ಜಿಯ ಜೊತೆ ಒಹಾಯೊದಿಂದ ಐಡಾಹೊದ ಲೂಯಿಸ್ಟನ್‌ಗೆ ಕಾರಿನಲ್ಲಿ ಹೊರಡುತ್ತಾಳೆ. ಮನೆ ಬಿಟ್ಟು ಹೋದ ಅಮ್ಮ ಅಲ್ಲಿದ್ದಾಳೆ, ಅವಳ ಹುಟ್ಟುಹಬ್ಬದೊಳಗೆ ಅಲ್ಲಿ ಮುಟ್ಟಬೇಕೆಂಬುದು ಹುಡುಗಿಯ ಹಂಬಲ. ದಾರಿಯುದ್ದಕ್ಕೂ ಅಜ್ಜ ಅಜ್ಜಿ ಕಥೆ ಹೇಳೆಂದು ಕೇಳುತ್ತಾರೆ, ಅವಳು ಗೆಳತಿ ಫೀಬಿಯ ಕಥೆಯನ್ನು ಹೇಳುತ್ತ ಹೋಗುತ್ತಾಳೆ. ಫೀಬಿಯ ತಾಯಿಯೂ ಒಂದು ದಿನ ಮನೆ ಬಿಟ್ಟು ಹೋದವಳೇ. ತನ್ನ ದುಃಖವನ್ನು ನೇರವಾಗಿ ಆಡಲಾಗದ ಹುಡುಗಿ ಇನ್ನೊಬ್ಬಳ ಕಥೆಯ ಮರೆಯಲ್ಲಿ ಅದನ್ನು ಆಡುತ್ತಿದ್ದಾಳೆ ಎಂಬುದು ಓದುಗರಿಗೆ ಮೆಲ್ಲಗೆ ತಿಳಿಯುತ್ತದೆ, ಅಜ್ಜ ಅಜ್ಜಿಗೆ ಮೊದಲೇ ತಿಳಿದಿದೆ. ಕೊನೆಯನ್ನು ನಾನು ಹೇಳುವುದಿಲ್ಲ, ನಿಮ್ಮ ಬಳಗದಲ್ಲಿ ಮೊದಲೇ ಓದಿದವರಿದ್ದರೆ ಅವರಿಂದಲೂ ಬಾಯಿ ಬಿಡದಂತೆ ಮಾತು ತೆಗೆದುಕೊಳ್ಳಿ.

ಕಾರಿನೊಳಗೆ ಕಥೆ ಸುಲಭವಾಗಿ ಹುಟ್ಟುವುದಕ್ಕೆ ಒಂದು ಸರಳ ಕಾರಣವಿದೆ. ಅಲ್ಲಿ ಎಲ್ಲರೂ ಮುಂದಕ್ಕೆ ಮುಖ ಮಾಡಿ ಕುಳಿತಿರುತ್ತಾರೆ. ಎದುರುಬದುರು ಕುಳಿತು ಆಡಲಾಗದ ಮಾತನ್ನು, ಕೇಳುವವರ ಮುಖ ಕಾಣದಿರುವಾಗ ಆಡಬಹುದು. ಎದ್ದು ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಅವಕಾಶ ಕೇಳುವವರಿಗೂ ಇಲ್ಲ. ಹಾಗಾಗಿ ರಾತ್ರಿ ಹೊತ್ತು ಗುಟ್ಟು ಬಯಲಾಗುವುದರ ಬಗ್ಗೆ ನನಗೆ ನಿಮ್ಮಷ್ಟು ಸಿಟ್ಟಿಲ್ಲ. ಬಯಲಾದ ಗುಟ್ಟು ಬೆಳಗಾಗುವಷ್ಟರಲ್ಲಿ ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡಿಬಿಟ್ಟರೆ ಮಾತ್ರ ಸಿಟ್ಟು ಬರುತ್ತದೆ.

ಇನ್ನು ನಡುಭಾಗದ ವಿಚಾರ. ಪಯಣದ ಕಾದಂಬರಿಗೆ ಕಾರ್ಯಕಾರಣದ ಬಿಗಿಯಾದ ಸರಪಳಿ ಇರುವುದಿಲ್ಲ. ಒಂದು ಊರು, ಆಮೇಲೆ ಇನ್ನೊಂದು ಊರು, ಅಷ್ಟೇ. ಬಿಡಿ ಪ್ರಸಂಗಗಳ ಕ್ರಮವನ್ನು ಅದಲುಬದಲು ಮಾಡಿದರೂ ನಡೆಯುತ್ತದೆ ಎನಿಸಿದಾಗಲೇ ಓದು ಜಗ್ಗುತ್ತದೆ. ಆದ್ದರಿಂದ ಓದುತ್ತ ಎರಡು ಲೆಕ್ಕಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಏನು ಖಾಲಿಯಾಗುತ್ತಿದೆ ಮತ್ತು ಯಾವ ಮಾತು ಇನ್ನೂ ಹೊರಬಂದಿಲ್ಲ. 'ಗ್ರೇಪ್ಸ್ ಆಫ್ ರಾತ್' ಕಾದಂಬರಿಯಲ್ಲಿ ಖಾಲಿಯಾಗುವುದು ದುಡ್ಡು, ಟೈರು ಮತ್ತು ಜನ. ಬಂಡ್ರೆನ್ ಕುಟುಂಬದ ಕಥೆಯಲ್ಲಿ ಕಾಲ, ಏಕೆಂದರೆ ಶವ ಕಾಯುವುದಿಲ್ಲ. ಸಾಲಮಂಕಾಳ ಕಥೆಯಲ್ಲಿ ಹುಟ್ಟುಹಬ್ಬಕ್ಕೆ ಉಳಿದ ದಿನಗಳು. ಖಾಲಿಯಾಗುವಂಥದ್ದು ಏನೂ ಇಲ್ಲದ ಪಯಣದ ಕಾದಂಬರಿಯನ್ನು ನಿಮ್ಮ ಪಟ್ಟಿಯಿಂದ ಧಾರಾಳವಾಗಿ ತೆಗೆದುಹಾಕಿ. ಸ್ಟೀನ್‌ಬೆಕ್ ಅವರು ಜೋಡ್ ಕುಟುಂಬದ ಕಥೆಯ ನಡುನಡುವೆ ಸೇರಿಸಿದ, ಒಟ್ಟಾರೆ ಪರಿಸ್ಥಿತಿಯನ್ನು ಹೇಳುವ ಅಧ್ಯಾಯಗಳನ್ನು ಹಾರಿಸಿ ಓದುವವರಿದ್ದಾರೆ, ನಿಮ್ಮ ಬಳಗದವರು ಹಾಗೆ ಮಾಡದಿರಲಿ. ಹಳೆಯ ಕಾರು ಮಾರುವವರ ಮೋಸವನ್ನು ಹೇಳುವ ಏಳನೆಯ ಅಧ್ಯಾಯ ಓದಿದ್ದರೆ ಮಾತ್ರ, ಮುಂದೆ ಎಂಜಿನ್ನಿನ ಪ್ರತಿಯೊಂದು ಸದ್ದಿಗೂ ಅಲ್ ಏಕೆ ಕಿವಿ ನಿಮಿರಿಸುತ್ತಾನೆಂಬುದು ಅರ್ಥವಾಗುತ್ತದೆ. ಹದಿನೈದನೆಯ ಅಧ್ಯಾಯದಲ್ಲಿ ರಸ್ತೆಬದಿಯ ಹೋಟೆಲಿನಾಕೆ, ಐದು ಸೆಂಟಿಗೆ ಒಂದರಂತೆ ಮಾರುವ ಮಿಠಾಯಿಯನ್ನು ಒಂದು ಸೆಂಟಿಗೆ ಎರಡೆಂದು ಹೇಳಿ ತಂದೆಯ ಜೊತೆ ಬಂದ ಬಡ ಹುಡುಗರಿಬ್ಬರಿಗೆ ಕೊಟ್ಟುಬಿಡುತ್ತಾಳೆ. ಆ ತಂದೆ ಮಕ್ಕಳು ಜೋಡ್ ಕುಟುಂಬದವರಲ್ಲ, ಮತ್ತೆಂದೂ ಕಾಣಿಸಿಕೊಳ್ಳುವುದೂ ಇಲ್ಲ, ಆದರೂ ಅಪರಿಚಿತರ ನೆರವನ್ನು ಉಪದೇಶವಿಲ್ಲದೆ ಬರೆಯುವುದು ಹೇಗೆಂಬುದಕ್ಕೆ ಅದು ಮಾದರಿ.

ಪುಟದಂಚು

ಹಾಗಾದರೆ ಕ್ರಮ ಹೀಗಿರಲಿ ಎಂದುಕೊಂಡಿದ್ದೇನೆ. ಮೊದಲು ಎಲ್ಲರೂ 'ವಾಕ್ ಟೂ ಮೂನ್ಸ್' ಓದುವುದು; ಆಮೇಲೆ 'ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ಕ್ಯಾಲಿಫೋರ್ನಿಯಾ ಮುಟ್ಟುವವರೆಗಿನ ಭಾಗ ಮತ್ತು ಅನಂತರದ ಭಾಗವೆಂದು ಎರಡಾಗಿ ಚರ್ಚೆಗಿಡುವುದು; ಫಾಕ್ನರ್ ಮತ್ತು ಲುಯಿಸೆಲ್ಲಿ ಇಬ್ಬರಲ್ಲಿ ಒಬ್ಬರನ್ನು ಓದುಗರೇ ಆರಿಸಿಕೊಳ್ಳುವುದು. 'ದಿ ರೋಡ್' ಕೊನೆಗೆ, ಬೇಕೆನ್ನುವ ದೊಡ್ಡವರಿಗೆ ಮಾತ್ರ. ಹಳೆಯ ನಕ್ಷೆ ಅವರು ಹೇಳಿದಂತೆ ಮನೆಯಲ್ಲೇ ಉಳಿದವರ ಕಡೆಯಿಂದ ಪಯಣವನ್ನು ನೋಡುವ ಕಾದಂಬರಿ ಯಾರ ಗಮನದಲ್ಲಾದರೂ ಇದ್ದರೆ ತಿಳಿಸಿ, ಪಟ್ಟಿಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇನೆ.